ಅತ್ತಿಗೆಯ ಮಡಿಲು

ಚಳಿಗಾಲದ ಮಾಂಸಕ್ಕೆಂದು ಕುದುರೆ ಕೊಯ್ದ ದಿನ ಸಾದಿರನ ಮನೆಯಲ್ಲಿ ಬೆಳಗಿನಿಂದ ಒಲೆ ಆರಿರಲಿಲ್ಲ. ಅಂಗಳದಲ್ಲಿ ಗಂಡಸರು ಮಾಂಸ ಕಡಿದು ಪಾಲು ಹಾಕುತ್ತಿದ್ದರು. ಹೆಂಗಸರು ಬಿಸಿನೀರಿನ ಬೋಗುಣಿಗಳ ಸುತ್ತ ಕೂತು ಕರುಳು ತೊಳೆಯುತ್ತಿದ್ದರು. ರಕ್ತದ ವಾಸನೆಗೆ ಹುಚ್ಚೆದ್ದ ನಾಯಿ ಸರಪಳಿ ಕಿತ್ತುಕೊಂಡು ಹೆಂಗಸರ ನಡುವೆ ನುಗ್ಗಿ, ಮನೆಮಗಳು ಚೋಲ್ಪೋನಳ ಮೇಲೆ ಎಗರಿತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಗೆ ಅಡ್ಡ ಹಿಡಿದಳು.

ಅದರ ಅರ್ಥ ತಿಳಿದವರು ಇಬ್ಬರೇ. ಒಬ್ಬಳು ತಾಯಿ ಝೈನೆಪ್. ಇನ್ನೊಬ್ಬಳು ಅತ್ತಿಗೆ ಅನಾರಾ.

ಅನಾರಾ ಕೈಯಲ್ಲಿದ್ದ ಬೋಗುಣಿಯನ್ನು ಬಿಟ್ಟುಬಿಟ್ಟಳು. ಬಿಸಿನೀರು ಚೆಲ್ಲಿ ನಾಯಿ ಓಡಿತು, ಹೆಂಗಸರೆಲ್ಲ ಲಂಗ ಎತ್ತಿಕೊಂಡು ಎದ್ದರು, ಚೋಲ್ಪೋನಳ ಕಡೆಗಿದ್ದ ಕಣ್ಣುಗಳೆಲ್ಲ ಇತ್ತ ತಿರುಗಿದವು. ಮಾವ ಸಾದಿರನ ತಂಗಿ ಉಪೋಲ್, ಅಪ್ಪನಿಲ್ಲದೆ ಬೆಳೆದ ಕೈಯಲ್ಲಿ ಪಾತ್ರೆ ನಿಲ್ಲುವುದಿಲ್ಲ ಎಂದು ಬೈದಳು. ಅನಾರಾ ತಲೆ ತಗ್ಗಿಸಿ ನೀರು ಬಳಿದಳು. ಬೇಕೆಂದೇ ಬೀಳಿಸಿದ್ದೆಂದು ಯಾರಿಗೂ ತಿಳಿಯಲಿಲ್ಲ.

ಇದು ಅವಳಿಗೆ ಶಾಲೆಯಿಂದ ಬಂದ ಅಭ್ಯಾಸ. ಆ ಕಣಿವೆಯಲ್ಲಿ ಎಲ್ಲರ ಮಕ್ಕಳೂ ತಂದೆಯ ಕಡೆಯ ಏಳು ತಲೆಮಾರಿನ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಅನಾರಾಳ ತಾಯಿ ಶಾರಿಪಾ ಮದುವೆಯಾಗದೆ ಹೆತ್ತವಳು, ಶಾಲೆಯ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತರಗತಿಯಲ್ಲಿ ಹೆಸರು ಹೇಳುವ ಸರದಿ ಬಂದಾಗ ಅನಾರಾ ತಾಯಿಯ ತಂದೆಯಿಂದ ಶುರುಮಾಡಿದ್ದಳು. ಹಿಂದಿನ ಬೆಂಚಿನಿಂದ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆಗ ಪಕ್ಕದ ಹುಡುಗಿ ಮಸಿಕುಡಿಕೆ ಉರುಳಿಸಿದಳು. ಅದು ಕೈತಪ್ಪಿ ಆದದ್ದೋ ಬೇಕೆಂದೇ ಮಾಡಿದ್ದೋ ಅನಾರಾಳಿಗೆ ಕೊನೆಗೂ ಗೊತ್ತಾಗಲಿಲ್ಲ. ಅಲ್ಲಿಂದಾಚೆಗೆ ಯಾರಾದರೂ ಎಲ್ಲರೆದುರು ತಡವರಿಸಿದರೆ ಅವಳ ಕೈಯಿಂದ ಏನಾದರೊಂದು ಬೀಳುತ್ತಿತ್ತು. ಗಂಡನ ಮನೆಯಲ್ಲಿ ಅವಳನ್ನು ಕೈ ನಿಲ್ಲದವಳು ಎಂದು ಕರೆಯುತ್ತಿದ್ದರು.

ಅವಳ ಗಂಡ ಮಿರ್ಲಾನ್ ಗಣಿಯಿಂದ ಕಲ್ಲಿದ್ದಲು ತರುವ ಲಾರಿ ಓಡಿಸುತ್ತಿದ್ದ. ಮೆದು ಮನುಷ್ಯ. ಮನೆಯವರಿಗೆ ಬೇಡವಾದ ಹುಡುಗಿಯನ್ನು ಹಟ ಹಿಡಿದು ಕಟ್ಟಿಕೊಂಡದ್ದು ಅವನು ಜೀವಮಾನದಲ್ಲಿ ಹಿಡಿದ ಒಂದೇ ಹಟ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಊಟಕ್ಕೆ ಕೂತಾಗ ಅನಾರಾಳ ತಟ್ಟೆಗೆ ಬೀಳುವ ಮಾಂಸದ ತುಂಡು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂದಿತ್ತು.

ಕುದುರೆ ಕೊಯ್ದ ಮೇಲೆ ಕೆಲವು ದಿನ ಝೈನೆಪ್ ಮಗಳನ್ನು ಕೋಣೆಯಿಂದ ಹೊರಗೆ ಬಿಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಸಾದಿರ್ ಕುರಿಗಳನ್ನು ನೋಡಲು ಹೋಗಿದ್ದಾಗ, ಅನಾರಾ ಹಿಟ್ಟು ನಾದುತ್ತಿದ್ದಲ್ಲಿಗೆ ಬಂದು ಬಾಗಿಲಿಗೆ ಚಿಲಕ ಹಾಕಿದಳು.

"ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತು," ಎಂದಳು.

"ಏನತ್ತೆ?"

"ನಾಟಕ ಬೇಡ. ಅಂಥಾ ಹೊಟ್ಟೇಲೇ ಹುಟ್ಟಿದವಳು ನೀನು. ನಿನ್ ಕಣ್ಣಿಗೆ ಬೀಳದೆ ಇರುತ್ತಾ?"

ಅನಾರಾ ಹಿಟ್ಟಿನಿಂದ ಕೈ ತೆಗೆಯಲಿಲ್ಲ. ಝೈನೆಪ್ ಹಲಗೆಯ ಮೇಲೆ ಕೂತು, ದನಿ ಏರಿಸದೆ, ಎಲ್ಲ ಹೇಳಿದಳು. ಪಟ್ಟಣದಲ್ಲಿ ಟೀಚರ್ ಟ್ರೈನಿಂಗಿಗೆ ಹೋಗಿದ್ದ ಚೋಲ್ಪೋನ್ ಯಾರಿಂದ ಏನು ಎಂಬುದನ್ನು ಬಾಯಿಬಿಡುತ್ತಿಲ್ಲ. ಹೊಡೆದು ಕೇಳಿದರೂ ಇಲ್ಲ. ತೆಗೆಸುವ ಕಾಲ ದಾಟಿಹೋಗಿದೆ. ಮೇಲಿನ ಕಣಿವೆಯಿಂದ ಒಂದು ಸಂಬಂಧ ಬಂದಿದೆ, ಅವರು ಬೇಸಗೆಗೆ ಹೆಣ್ಣು ನೋಡಲು ಬರುತ್ತಾರೆ. ಅಷ್ಟರೊಳಗೆ ಎಲ್ಲ ಮುಗಿದಿರಬೇಕು. ಚೋಲ್ಪೋನಳಿಗೆ ಕಾಮಾಲೆ ಅಂಟಿದೆಯೆಂದು ಹೇಳಿ ಹಿಂದಿನ ಕೋಣೆಯಲ್ಲಿ ಇಡುವುದು. ಅನಾರಾ ಇವತ್ತಿನಿಂದಲೇ ನಾಲ್ಕು ತಿಂಗಳ ಬಸುರಿ, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ ಅಷ್ಟೇ.

"ಹೊಟ್ಟೆಗೆ ಕಂಬಳಿ ತುಂಡು ಕಟ್ಟಿಕೋ. ತಿಂಗಳು ತಿಂಗಳು ಒಂದೊಂದು ಮಡಿಕೆ ಜಾಸ್ತಿ ಮಾಡು. ಹೆರೋದು ಅವಳು, ಮಡಿಲು ನಿನ್ನದು."

"ಚೋಲ್ಪೋನ್ ಒಪ್ಪಿದಾಳಾ?"

"ಅವಳನ್ನ ಯಾರು ಕೇಳಿದ್ರು?"

"ಮಾವನಿಗೆ ಗೊತ್ತಾ?"

ಝೈನೆಪ್ ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟಿತ್ತು. ಅವಳು ಉಗುರಿನಿಂದ ಅದನ್ನು ಕೆರೆದಳು.

"ಹೊಳೆ ಪಕ್ಕದ ಮನೆಯವರ ಹುಡುಗಿ ನೆನಪಿದಾಳಾ? ಅವಳಿಗೂ ಹೀಗೇ ಆಗಿತ್ತು. ಹೊಳೆಗೆ ಜಾರಿ ಬಿದ್ಲು ಅಂದ್ರು. ನಿಮ್ಮಾವನೇ ಮುಂದೆ ನಿಂತು ಮಣ್ಣು ಮಾಡಿಸಿದ್ರು. ಮನೆಗೆ ಬಂದು ಕೈ ತೊಳೀತಾ, ಆ ತಂದೆ ಗಂಡಸು ಅಂದ್ರು. ಅಷ್ಟೇ ಅಂದಿದ್ದು."

ಅನಾರಾ ಒಪ್ಪಿದಳು. ಹೆದರಿ ಒಪ್ಪಿದಳು ಎಂದರೆ ಅರ್ಧ ನಿಜ. ಹುಟ್ಟುವ ಮಗುವಿಗೆ ಅಪ್ಪನ ಹೆಸರು ಇರುತ್ತದೆ, ತರಗತಿಯಲ್ಲಿ ಎದ್ದು ನಿಂತು ಮಿರ್ಲಾನ್, ಸಾದಿರ್ ಎಂದು ಶುರುಮಾಡಬಹುದು, ಯಾರೂ ನಗುವುದಿಲ್ಲ ಎಂದು ಯೋಚಿಸಿದ್ದಳು. ಅದು ಕೂಸಿನ ಮೇಲಿನ ಕನಿಕರ ಎಂದುಕೊಂಡಳು. ರಾತ್ರಿ ಮಿರ್ಲಾನನಿಗೆ ಹೇಳಿದಾಗ ಅವನು ಮೊದಲು ತಂಗಿಯ ಮೇಲೆ ಸಿಟ್ಟಾದ, ಆಮೇಲೆ ಅತ್ತ, ಆಮೇಲೆ ಗಂಡೋ ಹೆಣ್ಣೋ ಎಂದು ಕೇಳಿದ.

ಆ ಚಳಿಗಾಲ ಅನಾರಾಳಿಗೆ ಹಿಂದೆಂದೂ ಕಾಣದ ಸುಖ. ಬೆರಣಿ ಹೊರುವ ಕೆಲಸ ತಪ್ಪಿತು. ಹಸುವಿಗೆ ನೀರು ಕುಡಿಸಲು ಮಿರ್ಲಾನನೇ ಹೋಗುತ್ತಿದ್ದ. ಊಟಕ್ಕೆ ಕೂತಾಗ ಸಾದಿರ್ ಸೊಸೆಯತ್ತ ನೋಡದೆ, ತನ್ನ ತಟ್ಟೆಯಿಂದ ಕೊಬ್ಬಿರುವ ತುಂಡನ್ನು ಬೇರೆ ಇಟ್ಟು, ಇದು ಬಸುರಿಗೆ ಎನ್ನುತ್ತಿದ್ದ. ಉಪೋಲ್ ಕೂಡ ಒಣಗಿಸಿದ ಮೊಸರಿನ ಉಂಡೆಗಳನ್ನು ಚೀಲದಲ್ಲಿ ತಂದುಕೊಟ್ಟು, ಅಂತೂ ಭೂಮಿ ಹದಕ್ಕೆ ಬಂತು ಎಂದು ನಕ್ಕಳು. ಕಂಬಳಿಯ ತುಂಡು ಹೊಟ್ಟೆಯ ಮೇಲೆ ಬೆಚ್ಚಗಿರುತ್ತಿತ್ತು. ಯಾರೂ ಇಲ್ಲದಾಗಲೂ ಅನಾರಾ ಅದರ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು.

ಹಿಂದಿನ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಹಲಗೆ ಬಡಿದಿದ್ದರು. ಕಾಮಾಲೆಯ ಹೆಸರು ಕೇಳಿ ಅಕ್ಕಪಕ್ಕದವರು ಅತ್ತ ಸುಳಿಯುತ್ತಿರಲಿಲ್ಲ. ಸಾದಿರ್ ದಿನಕ್ಕೊಮ್ಮೆ ಬಾಗಿಲ ಹೊರಗೆ ನಿಂತು, ಹೇಗಿದ್ದೀಯ ಮಗಳೇ ಎಂದು ಕೇಳುತ್ತಿದ್ದ. ಒಳಗಿನಿಂದ, ಪರವಾಗಿಲ್ಲ ಅಪ್ಪಾ ಎಂದು ಬರುತ್ತಿತ್ತು. ಅಪ್ಪ ಮಗಳ ನಡುವೆ ಆ ಚಳಿಗಾಲವೆಲ್ಲ ನಡೆದದ್ದು ಇಷ್ಟೇ ಮಾತು.

ಊಟ ಕೊಂಡೊಯ್ಯುತ್ತಿದ್ದವಳು ಅನಾರಾ. ಮಗು ಯಾರದೆಂದು ಅವಳು ಒಂದು ಸಲವೂ ಕೇಳಲಿಲ್ಲ. ಆ ಪ್ರಶ್ನೆಯನ್ನು ತನ್ನ ತಾಯಿಯ ಮುಂದೆ ಹಾಲು ಮಾರುವವಳಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ಕೇಳಿದ್ದನ್ನು ನೋಡಿ ಬೆಳೆದವಳು. ಬದಲಿಗೆ ಒಂದು ದಿನ ಚೋಲ್ಪೋನಳೇ ಕೇಳಿದಳು.

"ಅತ್ತಿಗೆ, ನಿಮ್ಮಮ್ಮ ನಿನ್ನನ್ನ ಇಟ್ಕೊಂಡಳಲ್ಲ. ಅಷ್ಟು ಕಷ್ಟ ಆಯ್ತಾ?"

ಅನಾರಾ ಬಟ್ಟಲನ್ನು ಅವಳ ಮುಂದಿಟ್ಟಳು. "ಮೊದ್ಲು ಊಟ ಮಾಡು."

"ಹೇಳು."

ಅನಾರಾ ಹೇಳಿದಳು. ಮದುವೆ ಮನೆಗಳಲ್ಲಿ ತಾಯಿಯನ್ನು ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕೂರಿಸುತ್ತಿದ್ದುದನ್ನು ಹೇಳಿದಳು. ಕುಡಿದ ಗಂಡಸರು ರಾತ್ರಿ ಕಿಟಕಿ ತಟ್ಟುತ್ತಿದ್ದುದನ್ನು, ತಾಯಿ ಕೊಡಲಿಯನ್ನು ಹಾಸಿಗೆ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದುದನ್ನು ಹೇಳಿದಳು. ಎಲ್ಲವೂ ನಡೆದದ್ದೇ. ಆದರೆ ಶಾಲೆಯ ಅಡಿಗೆಮನೆಯಲ್ಲಿ ಉಳಿದ ಗಂಜಿಯನ್ನು ತಾಯಿ ಆರದಂತೆ ಬಟ್ಟೆಯೊಳಗೆ ಎದೆಗವಚಿಕೊಂಡು ತರುತ್ತಿದ್ದುದನ್ನು, ಇಬ್ಬರೂ ಒಂದೇ ಚಮಚದಲ್ಲಿ ತಿನ್ನುತ್ತ ಊರವರ ನಡಿಗೆಯನ್ನು ಅಣಕಿಸಿ ನಗುತ್ತಿದ್ದುದನ್ನು ಹೇಳಲಿಲ್ಲ. ಅರ್ಧ ಹೇಳಿ ಅರ್ಧ ಬಿಟ್ಟಳು.

ಚೋಲ್ಪೋನ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಊಟ ಕಮ್ಮಿ ಮಾಡುತ್ತ ಬಂದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಅನಾರಾ ಟೀ ತೆಗೆದುಕೊಂಡು ಹೋದಾಗ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಹಿತ್ತಿಲ ಹಿಮದಲ್ಲಿ ಹೆಜ್ಜೆಗಳು ಹೊಳೆಯ ಕಡೆ ಹೋಗಿದ್ದವು. ಟೀಯನ್ನು ಅಲ್ಲೇ ಇಟ್ಟು ಅವಳು ಓಡಿದಳು. ಹೊಟ್ಟೆಯ ಕಂಬಳಿ ಜಾರಿ ಕಾಲಿಗೆ ತೊಡರಿತು, ಕಿತ್ತು ಕಂಕುಳಲ್ಲಿ ಹಿಡಿದುಕೊಂಡಳು. ದನಗಳಿಗೆ ನೀರು ಕುಡಿಸಲು ಹಿಮಗಡ್ಡೆ ಒಡೆದು ಮಾಡಿದ ಬಾವಿಯಂಥ ಕಿಂಡಿಯ ಬಳಿ ಚೋಲ್ಪೋನ್ ನಿಂತಿದ್ದಳು. ಕೆಳಗೆ ನೀರು ಕಪ್ಪಗೆ ಸರಿಯುತ್ತಿತ್ತು.

"ನೀರಿಗೆ ಬಂದೆ," ಎಂದಳು ತಿರುಗದೆ.

ಅವಳ ಕೈಯಲ್ಲಿ ಬಕೆಟ್ ಇರಲಿಲ್ಲ. ಅನಾರಾ ಅವಳ ಪಕ್ಕಕ್ಕೆ ಹೋಗಿ ನಿಂತಳು. ಬೈಯಲಿಲ್ಲ, ಎಳೆಯಲಿಲ್ಲ.

"ಚಳಿ ಆಗಲ್ವಾ?" ಎಂದು ಕೇಳಿದಳು.

"ಒಳಗೆ ಒದೀತಾ ಇದೆ ಅತ್ತಿಗೆ. ಇಲ್ಲಿಗೆ ಬಂದಾಗಿನಿಂದ ಒದೀತಾನೇ ಇದೆ."

ಅನಾರಾ ಕಂಕುಳಲ್ಲಿದ್ದ ಕಂಬಳಿಯನ್ನು ಬಿಡಿಸಿ ಅವಳಿಗೆ ಹೊದಿಸಿ ಮನೆಗೆ ಕರೆತಂದಳು. ಯಾರಿಗೂ ಹೇಳಲಿಲ್ಲ. ಆ ದಿನದಿಂದ ಝೈನೆಪ್‌ಗೆ ಕಾಣದಂತೆ ಹಿಂದಿನ ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದಳು. ಊಟದಲ್ಲಿ ತನಗೆಂದು ಬರುತ್ತಿದ್ದ ಕೊಬ್ಬಿನ ತುಂಡನ್ನು ತಲೆವಸ್ತ್ರದ ತುದಿಯಲ್ಲಿ ಸುತ್ತಿ ಒಯ್ದು ಚೋಲ್ಪೋನಳಿಗೆ ತಿನ್ನಿಸಿದಳು. ಆದರೂ ಕಂಬಳಿ ಕಟ್ಟುವುದನ್ನು ಬಿಡಲಿಲ್ಲ. ಒಂದು ಮಡಿಕೆ ಜಾಸ್ತಿಯೇ ಮಾಡಿದಳು.

ಹಿಮ ಕರಗಿ ಅಂಗಳ ಕೆಸರಾಗಿದ್ದ ಏಪ್ರಿಲಿನಲ್ಲಿ ಮಗು ಹುಟ್ಟಿತು. ಸಾದಿರ್ ಆ ದಿನ ಸಂತೆಗೆ ಹೋಗಿದ್ದ. ಝೈನೆಪ್ ಬಾಗಿಲು ಹಾಕಿಕೊಂಡು ಹೆರಿಗೆ ಮಾಡಿಸಿದಳು. ಚೋಲ್ಪೋನಳ ಬಾಯಿಗೆ ಟವೆಲ್ ತುರುಕಿದ್ದರು. ಅನಾರಾ ಅವಳ ಭುಜ ಹಿಡಿದು ಕೂತಿದ್ದಳು. ಗಂಡು ಮಗು. ಝೈನೆಪ್ ಒರೆಸಿ, ಸುತ್ತಿ, ತಾಯಿಗೆ ತೋರಿಸದೆ ಅನಾರಾಳ ಕೈಗಿಟ್ಟು, ಹೋಗಿ ಮಲಗು ಎಂದಳು. ಬಾಗಿಲು ದಾಟುವಾಗ ಅನಾರಾಳಿಗೆ ಹಿಂದಿನಿಂದ ಟವೆಲಿನೊಳಗಿನ ದನಿ ಕೇಳಿಸಿತು. ಏನೆಂದಳೋ ತಿಳಿಯಲಿಲ್ಲ. ತಿಳಿದುಕೊಳ್ಳಲು ನಿಲ್ಲಲಿಲ್ಲ.

ಸಂತೆಯಿಂದ ಬಂದ ಸಾದಿರ್ ಸುದ್ದಿ ಕೇಳಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅಂಗಳದ ಮಧ್ಯೆ ಕುರಿ ಕೊಯ್ಯಿಸಿದ. ಎಣ್ಣೆಯಲ್ಲಿ ಹಿಟ್ಟಿನ ತುಂಡುಗಳನ್ನು ಕರಿಯುವ ವಾಸನೆ ಬೀದಿಯ ತುದಿಗೂ ಹೋಯಿತು. ಹೆಂಗಸರು ಸಾಲಾಗಿ ಬಂದು ಅನಾರಾಳ ಹಾಸಿಗೆಯ ಸುತ್ತ ಕೂತು, ಮೂಗು ತಾತನದು, ಹಣೆ ಅಪ್ಪನದು ಎಂದು ಹಂಚಿದರು. ಉಪೋಲ್ ಮೊದಲ ಸಲ ಅವಳ ಹಣೆಗೆ ಮುತ್ತಿಟ್ಟಳು.

ಎದೆಹಾಲು ಬತ್ತಿದೆ ಎಂದು ಹೇಳಿ ಮಗುವಿಗೆ ಹಸುವಿನ ಹಾಲನ್ನು ನೀರು ಬೆರೆಸಿ ಕುಡಿಸುತ್ತಿದ್ದರು. ಅದು ಅಳುತ್ತಿತ್ತು. ಅತ್ತಾಗಲೆಲ್ಲ ಗೋಡೆಯಾಚೆಯಿಂದ ಏನೋ ಉಜ್ಜಿದಂಥ ಸದ್ದು ಬರುತ್ತಿತ್ತು. ಝೈನೆಪ್ ಮಗಳ ಎದೆಗೆ ಬಟ್ಟೆಯನ್ನು ಬಿಗಿದು ಕಟ್ಟಿದ್ದಳು. ಅನಾರಾ ಊಟ ಕೊಡಲು ಹೋದಾಗ ಆ ಬಟ್ಟೆ ನೆನೆದು ತೊಪ್ಪೆಯಾಗಿತ್ತು, ಚೋಲ್ಪೋನ್ ಗೋಡೆಗೆ ಬೆನ್ನು ಉಜ್ಜುತ್ತ ಕೂತಿದ್ದಳು. ಮಗುವನ್ನು ತೋರಿಸೆಂದು ಕೇಳಲಿಲ್ಲ. ಹೊಟ್ಟೆ ತುಂಬ ಕುಡೀತಾನಾ ಎಂದಷ್ಟೇ ಕೇಳಿದಳು. ಅನಾರಾ ಹೌದು ಎಂದಳು.

ಕೆಲವು ದಿನಗಳಲ್ಲಿ ಚೋಲ್ಪೋನಳಿಗೆ ಜ್ವರ ಬಂತು. ಮೊದಲು ನಡುಕ, ಆಮೇಲೆ ಮೈಯೆಲ್ಲ ಕೆಂಡ. ಅವಳ ಹಾಸಿಗೆಯಿಂದ ಕೊಳೆತ ವಾಸನೆ ಬರತೊಡಗಿತು. ಝೈನೆಪ್ ಕುರಿಬಾಲದ ಕೊಬ್ಬು ಕಾಯಿಸಿ ಹಚ್ಚಿದಳು, ಸಾರು ಕುಡಿಸಿದಳು, ಮಂತ್ರಿಸಿದ ನೀರು ಚಿಮುಕಿಸಿದಳು. ಡಾಕ್ಟರನ್ನು ಕರೆಸೋಣ ಎಂದು ಅನಾರಾ ಮೂರು ಸಲ ಹೇಳಿದಳು. ಮೂರನೆಯ ಸಲ ಝೈನೆಪ್ ಸಾರಿನ ಸೌಟನ್ನು ನೆಲಕ್ಕೆ ಇಟ್ಟಳು.

"ಡಾಕ್ಟರ್ ಹೊದಿಕೆ ಎತ್ತಿ ನೋಡಿದ್ರೆ ಏನು ಕಾಣುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಸತ್ತುಹೋಗ್ತಾಳೆ ಅತ್ತೆ."

"ನಾನು ಹೆತ್ತವಳು. ನನಗೆ ಹೊಟ್ಟೆ ಉರಿಯಲ್ವಾ? ನಾಡಿದ್ದು ಹೆಸರಿಡೋ ದಿನ, ಅದೊಂದು ಕಳೀಲಿ. ಆಮೇಲೆ ಮಿರ್ಲಾನ್ ದೂರದ ಪಟ್ಟಣಕ್ಕೆ ಕರ್ಕೊಂಡು ಹೋಗಲಿ, ಗುರುತಿಲ್ಲದ ಕಡೆ." ಸ್ವಲ್ಪ ತಡೆದು, ಬೇರೆ ದನಿಯಲ್ಲಿ ಹೇಳಿದಳು: "ಡಾಕ್ಟರ್ ಬಂದ ದಿನ ಕೂಸು ನಿನ್ನದಲ್ಲ. ಅದನ್ನೂ ಯೋಚನೆ ಮಾಡು."

ಅನಾರಾ ಯೋಚನೆ ಮಾಡಿದಳು. ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಎರಡು ದಿನ ಅದನ್ನೇ ಯೋಚಿಸಿದಳು. ಅದು ಈಗ ಅವಳ ದನಿ ಕೇಳಿದರೆ ಅಳು ನಿಲ್ಲಿಸುತ್ತಿತ್ತು. ಮಿರ್ಲಾನ್ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ, ಲಾರಿ ಓಡಿಸುವ ಕೈ ಎನ್ನುತ್ತಿದ್ದ.

ಹೆಸರಿಡುವ ದಿನ ಬೆಳಿಗ್ಗೆ ಹಿಂದಿನ ಕೋಣೆಗೆ ಹೋದಾಗ ಚೋಲ್ಪೋನಳಿಗೆ ಗುರುತು ಸಿಗಲಿಲ್ಲ. ಅನಾರಾಳನ್ನು ನೋಡಿ, ಯಾರ ಮನೆಯವಳಮ್ಮ ನೀನು ಎಂದು ಕೇಳಿದಳು. ತುಟಿಯ ಸುತ್ತ ಬಿಳಿಚಿಕೊಂಡಿತ್ತು.

ಅನಾರಾ ಮಿರ್ಲಾನನನ್ನು ಕೊಟ್ಟಿಗೆಗೆ ಕರೆದು ಲಾರಿ ತೆಗೆಯಿರಿ ಎಂದಳು. ಅವನು ಬೂಟಿನ ತುದಿ ನೋಡುತ್ತ ನಿಂತ. ಒಳಗೆ ಹಿರಿಯರೆಲ್ಲ ಬಂದಿದ್ದಾರೆ, ಮುಲ್ಲಾ ಬಂದಿದ್ದಾರೆ, ಸಂಜೆಯವರೆಗೆ ತಡೆ, ಅಮ್ಮನನ್ನು ಕೇಳೋಣ ಎಂದ. ಅವಳು ತಿರುಗಿ ಮನೆಯೊಳಗೆ ಹೋದಳು.

ದೊಡ್ಡ ಕೋಣೆಯಲ್ಲಿ ಗಂಡಸರು ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಕೂತಿದ್ದರು. ಹಿರಿಯರ ಜಾಗದಲ್ಲಿ ಸಾದಿರ್, ಅವನ ಪಕ್ಕ ಮುಲ್ಲಾ. ಬೇಯಿಸಿದ ಕುರಿಯ ತಲೆ ಸಾದಿರನ ಮುಂದಿತ್ತು, ಅವನು ಚಾಕುವಿನಿಂದ ಕಿವಿ ಕೊಯ್ಯುತ್ತಿದ್ದ. ಸೊಸೆಯರು ಮಾವನೆದುರು ಬಾಯಿ ತೆರೆಯುವ ಪದ್ಧತಿ ಆ ಊರಿನಲ್ಲಿಲ್ಲ. ಟೀ ಕೊಟ್ಟರೆ ಪಕ್ಕದಿಂದ, ಹೋದರೆ ಬೆನ್ನು ತೋರಿಸದೆ ಹಿಂದಕ್ಕೆ. ಈ ಮನೆಗೆ ಬಂದಾಗಿನಿಂದ ಅನಾರಾ ಅವನಿಗೆ ಕೇಳುವಂತೆ ಒಂದು ವಾಕ್ಯ ಆಡಿದ್ದಿಲ್ಲ. ಈಗ ಮಗುವನ್ನೆತ್ತಿಕೊಂಡು ನೇರವಾಗಿ ಹೋಗಿ ಅವನ ಎದುರು ನಿಂತಳು.

"ಮಾವಾ, ಚೋಲ್ಪೋನ್ ಸಾಯ್ತಾ ಇದಾಳೆ. ಅವಳಿಗೆ ಕಾಮಾಲೆ ಅಲ್ಲ. ಈ ಮಗುವನ್ನ ನಾನು ಹೆತ್ತಿಲ್ಲ, ಅವಳು ಹೆತ್ತಿದ್ದು."

ಬಾಗಿಲಲ್ಲಿದ್ದ ಝೈನೆಪ್, ಬಾಣಂತಿಗೆ ತಲೆ ಕೆಟ್ಟಿದೆ, ರಕ್ತ ಹೋದವರಿಗೆ ಹೀಗಾಗುತ್ತದೆ ಎಂದು ಅವಳ ತೋಳು ಹಿಡಿದಳು. ಅನಾರಾ ಬಿಡಿಸಿಕೊಂಡಳು.

"ಹಿಂದಿನ ಕೋಣೆಗೆ ಹೋಗಿ ನೋಡಿ. ಹೊರಗೆ ನಿಂತು ಕೇಳಬೇಡಿ. ಒಳಗೆ ಹೋಗಿ."

ಸಾದಿರ್ ಚಾಕುವನ್ನು ತಟ್ಟೆಯ ಅಂಚಿಗೆ ಇಟ್ಟ. ಒಂದೊಂದೇ ಬೆರಳನ್ನು ಟವೆಲಿನಿಂದ ಒರೆಸಿಕೊಂಡ. ಎದ್ದು ಹೋದ. ಕೋಣೆಯಲ್ಲಿ ಯಾರೂ ತಿನ್ನಲಿಲ್ಲ, ಯಾರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ಬಾಗಿಲು ತೆರೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ. ಹೊಳೆ ಪಕ್ಕದ ಮನೆಯವನೂ ಆ ಸಾಲಿನಲ್ಲಿ ಕೂತಿದ್ದ. ಅವನು ಬಟ್ಟಲಿನೊಳಗೆ ನೋಡುತ್ತಿದ್ದ.

ಸಾದಿರ್ ಮರಳಿ ಬಂದಾಗ ಕೂರಲಿಲ್ಲ.

"ಮಿರ್ಲಾನ್, ಲಾರಿ ತೆಗಿ," ಎಂದ.

ಚೋಲ್ಪೋನಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದವನು ಅವನೇ. ಉಪೋಲ್ ಮತ್ತು ಇತರ ಹೆಂಗಸರು ಅಂಗಳದ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಮಗಳನ್ನು ಲಾರಿಯ ಸೀಟಿನ ಮೇಲೆ ಮಲಗಿಸಿ, ಅನಾರಾ ಮಗುವಿನೊಂದಿಗೆ ಹತ್ತಿದ ಮೇಲೆ, ಬಾಗಿಲನ್ನು ಹಿಡಿದುಕೊಂಡು ನಿಂತ. ಅವನ ಕಣ್ಣು ಬೆಟ್ಟದ ಕಡೆ ಇತ್ತು.

"ಬದುಕಿದ್ರೆ ಬದುಕಲಿ. ಆದ್ರೆ ಈ ಮನೆಗೆ ಬರಬೇಡಿ. ನೀನು, ಅವಳು, ಆ ಕೂಸು. ಮೂವರೂ."

ಬಾಗಿಲನ್ನು ಅವನೇ ಹಾಕಿದ.

ಜಿಲ್ಲಾ ಆಸ್ಪತ್ರೆಯ ದಾರಿ ಕೆಸರು. ಲಾರಿ ಎರಡು ಕಡೆ ಹೂತಿತು. ಮಿರ್ಲಾನ್ ದಾರಿಯುದ್ದಕ್ಕೂ ಅಳುತ್ತಿದ್ದ, ಅನಾರಾ ಅಳಲಿಲ್ಲ. ಅಲ್ಲಿ ಡಾಕ್ಟರಮ್ಮ ಹೊದಿಕೆ ಎತ್ತಿ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ನರ್ಸ್ ಅನಾರಾಳ ಕೈಯಲ್ಲಿದ್ದ ಮಗುವನ್ನು ನೋಡಿ ತಾಯಿ ಯಾರು ಎಂದಳು. ಒಳಗಿರುವವಳು ಎಂದು ಅನಾರಾ ಹೇಳಿದಳು. ಎರಡನೆಯ ಸಲ ಹೇಳಿದ್ದರಿಂದ ಸುಲಭವಾದೀತು ಎಂದುಕೊಂಡಿದ್ದಳು. ಆಗಲಿಲ್ಲ.

ಚೋಲ್ಪೋನ್ ಉಳಿದಳು. ಇನ್ನೊಂದು ಮಗು ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಳು. ಜ್ವರ ಇಳಿಯಲು ವಾರಗಳು ಹಿಡಿದವು. ಆಸ್ಪತ್ರೆಯಿಂದ ಬಿಟ್ಟಾಗ ಹೋಗಲು ಇದ್ದದ್ದು ಒಂದೇ ಮನೆ, ಕಣಿವೆಯ ಕೆಳಗಿನ ಊರಿನಲ್ಲಿ ಶಾರಿಪಾ ಒಬ್ಬಳೇ ಇದ್ದ ಎರಡು ಕೋಣೆಯ ಮನೆ. ಶಾರಿಪಾ ಏನನ್ನೂ ಕೇಳದೆ ಒಲೆಗೆ ಬೆರಣಿ ಹಾಕಿ ನೂಡಲ್ಸ್ ಬೇಯಿಸಿದಳು. ಹಾಸಿಗೆ ಹಾಸುವಾಗ, ಕೊಡಲಿ ಇನ್ನೂ ಅಲ್ಲೇ ಇದೆ, ಹೆದರಬೇಡಿ ಎಂದಳು.

ಹೆದರಿಕೆ ತಪ್ಪಲಿಲ್ಲ. ಕತ್ತಲಾದ ಮೇಲೆ ತಗಡಿನ ಸೂರಿನ ಮೇಲೆ ಕಲ್ಲು ಬೀಳುತ್ತಿತ್ತು. ಒಂದು ಬೆಳಿಗ್ಗೆ, ನಡತೆಗೆಟ್ಟವರ ಮನೆಯೆಂಬ ಗುರುತಿಗೆ, ಗೇಟಿಗೆ ಡಾಂಬರು ಬಳಿದಿದ್ದರು. ಅನಾರಾ ಸೀಮೆಎಣ್ಣೆ ಹಾಕಿ ಉಜ್ಜಿದಳು, ಹೋಗಲಿಲ್ಲ. ಅವಳು ತಾಯಿಯ ಜೊತೆ ಶಾಲೆಯ ಅಡಿಗೆಮನೆಗೆ ಕೆಲಸಕ್ಕೆ ಹೋಗತೊಡಗಿದಳು. ಚೋಲ್ಪೋನಳಿಗೆ ಹಾಲು ಮತ್ತೆ ಬಂತು, ಮೊದಲು ಹನಿ, ಆಮೇಲೆ ಮಗುವಿಗೆ ಸಾಕಾಗುವಷ್ಟು.

ಮಿರ್ಲಾನ್ ವಾರಕ್ಕೊಮ್ಮೆ ಲಾರಿ ನಿಲ್ಲಿಸಿ ಕಲ್ಲಿದ್ದಲು ಇಳಿಸಿ ಹೋಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಹೊಸ್ತಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಒಂದು ದಿನ ಬಟ್ಟಲು ಕೆಳಗಿಟ್ಟು ಹೇಳಿದ.

"ಅಪ್ಪ ಒಪ್ಪಿದಾರೆ. ನೀನು ವಾಪಸ್ ಬರಬಹುದಂತೆ."

"ನಾನೊಬ್ಬಳೇ?"

"ನೀನೊಬ್ಬಳೇ."

"ಅತ್ತೆ ಏನಂತಾರೆ?"

"ಅಮ್ಮ ಮಾತಾಡಲ್ಲ. ಹಿಂದಿನ ಕೋಣೇಲೇ ಮಲಗ್ತಾಳೆ ಈಗ. ಕಿಟಕಿ ಹಲಗೆ ತೆಗೀತೀನಿ ಅಂದ್ರೂ ಬಿಡಲ್ಲ."

ಅನಾರಾ ಅವನ ಬಟ್ಟಲಿಗೆ ಇನ್ನಷ್ಟು ಟೀ ಹಾಕಿದಳು. "ನೀವು ಬನ್ನಿ ಇಲ್ಲಿಗೆ," ಎಂದಳು. ಅವನು ಮಗುವಿನ ಕಡೆ ನೋಡಿದ, ರಸ್ತೆಯ ಕಡೆ ನೋಡಿದ, ಹೋದ. ಮುಂದಿನ ವಾರ ಬಂದ. ಅದರ ಮುಂದಿನ ವಾರ ಲಾರಿ ಬರಲಿಲ್ಲ. ಬೇಸಗೆ ಮುಗಿಯುವ ಹೊತ್ತಿಗೆ ಚೋಲ್ಪೋನಳನ್ನು ಕೇಳಿದ್ದ ಮೇಲಿನ ಕಣಿವೆಯ ಮನೆಯಿಂದಲೇ ಅವನಿಗೆ ಹೆಣ್ಣು ತರುತ್ತಾರಂತೆ ಎಂಬ ಸುದ್ದಿ ಅಡಿಗೆಮನೆಯವರೆಗೆ ಬಂತು.

ಸುದ್ದಿ ಕೇಳಿದ ದಿನ ಅನಾರಾ ಮನೆಗೆ ಬಂದು ಅಂಗಳದಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಶಾರಿಪಾ ಎದುರಿಗೆ ಕೂತು ಇನ್ನೊಂದು ಚಾಕು ತೆಗೆದುಕೊಂಡಳು. ಒಳಗೆ ಚೋಲ್ಪೋನ್ ಮಗುವಿಗೆ ಏನೋ ಹೇಳುತ್ತಿದ್ದಳು.

"ನಿನಗೊಂದು ಹೇಳಿಲ್ಲ ನಾನು," ಎಂದಳು ಶಾರಿಪಾ. "ನಿನ್ನನ್ನೂ ಕೊಟ್ಟಿದ್ದೆ."

ಅನಾರಾ ತಲೆ ಎತ್ತಿದಳು.

"ನಮ್ಮಣ್ಣನ ಹೆಂಡತಿಗೆ. ಅವಳಿಗೂ ಮಕ್ಕಳಿರಲಿಲ್ಲ. ನೀನು ಹುಟ್ಟಿದ ಮೇಲೆ ಕೊಟ್ಟು ಬಂದೆ, ಒಂದು ತಿಂಗಳು ತಡಕೊಂಡೆ, ಆಮೇಲೆ ಆಗಲಿಲ್ಲ. ನಡಕೊಂಡು ಹೋಗಿ ಎತ್ಕೊಂಡು ಬಂದುಬಿಟ್ಟೆ. ಅವಳು ನಿನ್ನ ಟೋಪಿ ಹಿಡ್ಕೊಂಡು ಬಾಗಿಲವರೆಗೆ ಬಂದಳು. ಟೋಪಿ, ಟೋಪಿ ಅಂತ ಕೂಗಿದಳು, ಚಳಿ ಇತ್ತು. ನಾನು ತಿರುಗಿ ನೋಡಲಿಲ್ಲ."

"ಆಮೇಲೆ?"

"ಆಮೇಲೇನು. ನನ್ನ ಕಷ್ಟವೇ ದೊಡ್ಡದಾಗಿತ್ತು. ಊರೆಲ್ಲ ನನಗೆ ಮಾಡಿದ್ದು ಲೆಕ್ಕ ಇಟ್ಟೆ, ನಾನು ಅವಳಿಗೆ ಮಾಡಿದ್ದು ಲೆಕ್ಕಕ್ಕೇ ಬರಲಿಲ್ಲ. ಅವಳು ಸತ್ತಾಗಲೂ ಹೋಗಲಿಲ್ಲ." ಶಾರಿಪಾ ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿದಳು. "ನೀನು ಆ ಕೂಸನ್ನ ಹಿಡ್ಕೊಂಡು ಲಾರಿಯಿಂದ ಇಳಿದ ದಿನ ನೆನಪಾದಳು. ಅಲ್ಲೀವರೆಗೆ ಒಂದಿನಾನೂ ಇಲ್ಲ."

ಅನಾರಾ ಸುಲಿಯುವುದನ್ನು ಮುಂದುವರಿಸಿದಳು. ಕೈಲಿದ್ದ ಆಲೂಗಡ್ಡೆ ಮುಗಿದ ಮೇಲೆ, ಅವಳ ಹೆಸರೇನು ಎಂದು ಕೇಳಿದಳು. ಬೂಬುಶ್ ಎಂದಳು ಶಾರಿಪಾ.

ಒಳಗಿನಿಂದ ಚೋಲ್ಪೋನ್ ಕರೆದಳು. "ಅತ್ತಿಗೆ, ಇವನನ್ನ ಸ್ವಲ್ಪ ಹಿಡ್ಕೊಳ್ತೀಯಾ? ನಿನ್ನ ದನಿ ಕೇಳಿ ಅತ್ತ ಕಡೆಯೇ ತಿರುಗ್ತಾನೆ, ಹಾಲೇ ಕುಡೀತಿಲ್ಲ."

"ಕೈ ಒದ್ದೆ ಇದೆ," ಎಂದಳು ಅನಾರಾ. "ಕುಡಿದು ಮುಗಿಸಲಿ."

ಅವಳ ಕೈ ಒಣಗಿತ್ತು. ಶಾರಿಪಾ ಅದನ್ನು ನೋಡಿ ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು. ಒಳಗೆ ಮಗು ಕೊಸರಾಡಿ, ಒಂದಿಷ್ಟು ಅತ್ತು, ಆಮೇಲೆ ಸುಮ್ಮನಾಗಿ ಗುಟುಕರಿಸುವ ಸದ್ದು ಕೇಳಿಸಿತು. ಆ ಸದ್ದು ನಿಲ್ಲುವವರೆಗೂ ಅನಾರಾ ಮಾತಾಡದೆ ಕೂತಿದ್ದು, ಆಮೇಲೆ ಎದ್ದು ಒಳಗೆ ಹೋದಳು.